ಎಂಜಲಾಗದ ಸೂಜಿ

ಮದುವೆಯಾಗಿ ಮುಂಬೈ ಹತ್ತಿರದ ಠಾಕುರ್ಲಿಗೆ ಬಂದ ಮರುದಿನ ಬೆಳಿಗ್ಗೆ ತೆಂಗಿನತುರಿ ಹುಡುಕಲು ಫ್ರಿಜ್ ತೆರೆದೆ. ಒಂದು ಚೆಂಡು ಮಲ್ಲಿಗೆ, ನಿನ್ನೆಯ ಬಂಗುಡೆ ಸಾರು, ಎರಡರ ನಡುವೆ ಒಂದು ಇಂಜೆಕ್ಷನ್ ಪೆನ್ನು. ಅತ್ತೆಗೆ ಸಕ್ಕರೆ ಕಾಯಿಲೆ. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳಲು ಡಾಕ್ಟರು ಬರೆದುಕೊಟ್ಟದ್ದಂತೆ. ಕಾರ್ಕಳದ ನಮ್ಮ ಮನೆಯಲ್ಲಿ ಸೂಜಿ ಎಂದರೆ ಹೊಲಿಯುವ ಸೂಜಿ ಮಾತ್ರ.

ನಾದಿನಿ ಪಲ್ಲವಿ ನನ್ನನ್ನು ವಹಿನಿ ಎನ್ನುತ್ತಾಳೆ, ಮರಾಠಿಯಲ್ಲಿ ಅತ್ತಿಗೆ ಎಂದು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಊರಲ್ಲಿ ಹುಡುಗಿ ಮೈ ತುಂಬಿಕೊಂಡರೆ ಗಂಡನ ಮನೆಯ ಅನ್ನ ಹಿಡಿದಿದೆ ಎಂದು ಖುಷಿಪಡುತ್ತಿದ್ದರು. ಇಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಯಾರು ಎಷ್ಟು ಕಿಲೋ ಇಳಿದರು ಎಂಬುದೇ ಮಾತು.

ಊರಿನಂತೆಯೇ ಕಂಡದ್ದು ಒಂದೇ, ಅತ್ತೆಯ ಎಂಜಲಿನ ಶಿಸ್ತು. ಲೋಟಕ್ಕೆ ತುಟಿ ತಾಗಬಾರದು, ಎತ್ತಿ ಕುಡಿಯಬೇಕು. ರುಚಿ ನೋಡಿದ ಸೌಟು ಮತ್ತೆ ಪಾತ್ರೆಗೆ ಹೋಗುವಂತಿಲ್ಲ. ನಮ್ಮಮ್ಮನೂ ಹೀಗೆಯೇ. ಅದಕ್ಕೇ ಈ ಮನೆ ಬೇಗ ನನ್ನದೆನಿಸಿತ್ತು.

ಒಂದು ಭಾನುವಾರ ಅತ್ತೆ ಅದೇ ಪೆನ್ನನ್ನು ಪಲ್ಲವಿಯ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಮುಂದಿನ ತಿಂಗಳು ನೆರೂಲಿನಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವುದಿತ್ತು.

"ಇದೆಂತ ಅತ್ತೆ?" ಎಂದೆ.

"ಇದ್ರಿಂದ ತೂಕವೂ ಇಳೀತದೆ. ಸೂಜಿ ಬದಲಿಸಿದ್ದೇನೆ ಮಾರಾಯ್ತಿ. ನನ್ನ ಮಗಳೇ ಅಲ್ವಾ? ಒಂದು ವಾರ ನಂಗೆ, ಒಂದು ವಾರ ಅವಳಿಗೆ."

ಆ ಮಧ್ಯಾಹ್ನವೇ ಪಲ್ಲವಿಯ ತಟ್ಟೆಗೆ ನೀರುದೋಸೆ ಹಾಕುತ್ತಾ, "ಇನ್ನೊಂದು ಹಾಕ್ಕೋ, ಇಷ್ಟು ತಿಂದ್ರೆ ಎಂತ ಆಗ್ತದೆ" ಎಂದು ಒತ್ತಾಯಿಸಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಹೊಸ ಸೊಸೆ, ಬಾಯಿ ಮುಚ್ಚಿಕೊಂಡೆ.

ಎರಡು ದಿನ ಬಿಟ್ಟು ಪಲ್ಲವಿ ಥಾಣೆ ರೈಲು ಸ್ಟೇಷನ್ನಿನಿಂದ ಫೋನ್ ಮಾಡಿದಳು. ಅವಳ ಕೆಲಸ ಅಲ್ಲೇ ಹತ್ತಿರ, ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ. ಅಲ್ಲಿಂದ ವಾಂತಿ ಮಾಡುತ್ತಲೇ ಪ್ಲಾಟ್‌ಫಾರ್ಮಿಗೆ ಬಂದು ಕುಸಿದಿದ್ದಳು. ನಾನು ಹೋಗುವಷ್ಟರಲ್ಲಿ ಯಾರೋ ಹೆಂಗಸರು ನೀರು ಕುಡಿಸಿ ಕೂರಿಸಿದ್ದರು. "ವಹಿನಿ, ಮಮ್ಮಿ ಕೋ ಮತ್ ಬೋಲನಾ," ಎಂದಳು, ಅಮ್ಮನಿಗೆ ಹೇಳಬೇಡ ಎಂದು. ಹೇಳದೆ ಬಿಡುವ ಮಾತೇ ಇರಲಿಲ್ಲ. ಅತ್ತೆಯನ್ನೂ ಕರೆಸಿಕೊಂಡು ಅವರ ಡಾಕ್ಟರ ಬಳಿಗೇ ಹೋದೆ.

ಡಾಕ್ಟರಮ್ಮ ಹಿಂದಿಯಲ್ಲಿ ಚೆನ್ನಾಗಿ ಬೈದರು. ಸೂಜಿ ಬದಲಿಸಿದರೂ ರಕ್ತ ಪೆನ್ನಿನೊಳಕ್ಕೆ ಹೋಗಬಹುದು, ಒಬ್ಬರದನ್ನು ಇನ್ನೊಬ್ಬರಿಗೆ ಚುಚ್ಚಲೇಬಾರದು. ಪರೀಕ್ಷೆ ಮಾಡದೆ ಈ ಹುಡುಗಿಗೆ ಕೊಟ್ಟವರು ಯಾರು? ವಾರ ಬಿಟ್ಟು ವಾರ ಹಾಕಿಕೊಂಡು ನಿಮ್ಮ ಸಕ್ಕರೆಯೂ ಏರಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಅವಳಿಗೆ ಬೇರೆಯೇ ಪೆನ್ನು ತಂದ್ರೆ ಆಗ್ತದಾ ಕೇಳು," ಎಂದು ನನ್ನ ಕಡೆ ತಿರುಗಿದರು.

ಮದ್ದಿನ ಮೇಲೆ ನನಗೆ ಸಿಟ್ಟಿಲ್ಲ. ಅತ್ತೆಯ ಸಕ್ಕರೆ ಮೊದಲು ಹಿಡಿತಕ್ಕೆ ಬಂದದ್ದೇ ಅದರಿಂದ. ಯಾರೋ ನೋಡಿಹೋಗಲಿ ಎಂದು ಚೆನ್ನಾಗಿರುವ ಹುಡುಗಿಯನ್ನು ಚುಚ್ಚಿ ಒಣಗಿಸುವುದರ ಮೇಲೆ ಸಿಟ್ಟು. ರಿಕ್ಷಾದಲ್ಲಿ ಕೇಳಿಯೇಬಿಟ್ಟೆ: "ಲೋಟ ಎಂಜಲಾಗ್ತದೆ, ರಕ್ತ ಆಗುದಿಲ್ವಾ ಅತ್ತೆ?" ಅವರು ಮುಖ ಹೊರಗೆ ತಿರುಗಿಸಿ ಕೂತರು. ಪಲ್ಲವಿ ನನ್ನ ಕೈ ಹಿಡಿದುಕೊಂಡಳು.

ಅಂದು ಸಂಜೆ ಅಮ್ಮನಿಗೆ ಫೋನ್ ಮಾಡಿ ಈ ಊರನ್ನೂ ಇಲ್ಲಿನ ಜನರನ್ನೂ ಮನಸೋ ಇಚ್ಛೆ ಬೈದೆ. ಅಮ್ಮ ಹೂಂಗುಟ್ಟುತ್ತಾ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಆ ಹುಡುಗಿ ಎಷ್ಟು ಇಳಿದಿದ್ದಾಳೆ? ಬರುವಾಗ ನಿನ್ನ ತಂಗಿಗೂ ಒಂದು ತರ್ಲಿಕ್ಕೆ ಆಗ್ತದಾ?" ಎಂದಳು.

ಫೋನ್ ಇಟ್ಟೆ. ಇಷ್ಟು ದಿನ ಇಲ್ಲಿ ಸಿಟ್ಟು ಬಂದಾಗೆಲ್ಲ ಕಾರ್ಕಳವನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಇನ್ನು ಅದೂ ಇಲ್ಲ. ತಂಗಿಗಾಗಿ ಅಲ್ಲಿಗೆ ಹೋಗಿ ಜಗಳವಾಡಬೇಕು. ನಾನು ಹೋದರೆ ಇಲ್ಲಿ ಫ್ರಿಜ್ಜಿನ ಬಾಗಿಲು ಕಾಯುವವರು ಯಾರು?