ನೀರಿಗೆ ನೀರು ಬಿಡುವ ಪೈಪತ್ತೆ

ಈಜುಕೊಳದಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸಿಗೆ ಈಜು ಬರುತ್ತಿರಲಿಲ್ಲ. ಸೊಂಟದ ಮೇಲೆ ನೀರು ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಯಾರಾದರೂ ಇದಕ್ಕೆ ನಕ್ಕರೆ, "ಅಡುಗೆಯವನು ಒಲೆಯೊಳಗೆ ಕೂತು ಬೇಯಿಸ್ತಾನಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಕೆಲಸ ನೀರಿಗೆ ನೀರು ಬಿಡುವುದು. ಕೇಳಿದವರಿಗೆ ತಮಾಷೆ. ಆದರೆ ಹತ್ತು ಮೀಟರ್ ಎತ್ತರದ ಕಟ್ಟೆಯಿಂದ ಹಾರುವ ಹುಡುಗಿಯರನ್ನು ಕೇಳಿ ನೋಡಿ. ಕೊಳ ಅಲ್ಲಾಡದೆ ನಿಂತಿದ್ದರೆ ಮೇಲಿನಿಂದ ಕಾಣುವುದು ತಳದ ನೀಲಿ ಬಿಲ್ಲೆಗಳು ಮಾತ್ರ. ನೀರು ಎಲ್ಲಿ ಶುರುವಾಗುತ್ತದೆಂದೇ ತಿಳಿಯುವುದಿಲ್ಲ. ಗಾಳಿಯಲ್ಲಿ ಮೂರು ಸುತ್ತು ಉರುಳಿ ಬರುವವಳಿಗೆ ಮಡಚಿದ ಮೈಯನ್ನು ಯಾವಾಗ ಬಿಚ್ಚಬೇಕೆಂದು ಗೊತ್ತಾಗಬೇಕಲ್ಲ! ಅದಕ್ಕೇ ಅವಳು ಅಂಚಿನಲ್ಲಿ ನಿಂತು, ಪೈಪಿನ ಬಾಯಿಗೆ ಹೆಬ್ಬೆರಳೊತ್ತಿ, ಹನಿ ಚಿಮುಕಿಸಿ ಕೊಳವನ್ನು ಕದಡುತ್ತಿದ್ದಳು. ಮಕ್ಕಳು ಅವಳನ್ನು ಪೈಪತ್ತೆ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಗಂಡ ಅವಳ ಸುಕ್ಕುಗಟ್ಟಿದ ಹೆಬ್ಬೆರಳು ನೋಡಿ, "ನೀನು ಕಳ್ಳತನ ಮಾಡಿದ್ರೂ ಪೊಲೀಸರಿಗೆ ಬೆರಳಚ್ಚು ಸಿಗಲ್ಲ ಬಿಡು" ಎಂದು ಛೇಡಿಸುತ್ತಿದ್ದ.

ಗೇಟು ಕಾಯುವವನ ಮಗಳು ಆರನೇ ವಯಸ್ಸಿಗೇ ಅಲ್ಲಿ ಹಾರಲು ಕಲಿತಳು. ಸಣಕಲು ಮೈ, ಉದ್ದ ಕಾಲು, ಮೊಂಡು ಹಟ. ಅವಳಿಗೆ 'ಮಿಡತೆ' ಎಂದು ಹೆಸರಿಟ್ಟವಳೂ ಪೈಪತ್ತೆಯೇ.

ಮಿಡತೆಗೆ ಹದಿನಾಲ್ಕಾದಾಗ ಪೈಪತ್ತೆ ಹಲ್ಲು ಕೀಳಿಸಲು ಒಂದು ದಿನ ರಜೆ ಹಾಕಿದಳು. ಬದಲಿಗೆ ಬಂದ ಮಹಾಶಯ, "ತುಂಬಿದ ಕೊಳಕ್ಕೆ ಮತ್ತೆ ನೀರು ಬಿಡೋದಾ? ಯಾರಿಗೆ ಬುದ್ಧಿ ಕೆಟ್ಟಿದೆ?" ಎಂದು ನಲ್ಲಿ ನಿಲ್ಲಿಸಿ ಪೇಪರ್ ಹಿಡಿದು ಕೂತ. ಮಿಡತೆ ಅಂದಾಜು ತಪ್ಪಿ ಬೆನ್ನಡಿಯಾಗಿ ಬಿದ್ದಳು. ಮೂರು ವಾರ ಬೆನ್ನು ನೇರಳೆ ಬಣ್ಣಕ್ಕಿತ್ತು. ಅಂದಿನಿಂದ ಹುಡುಗಿ ಕಟ್ಟೆಯ ತುದಿಗೆ ಬಂದವಳೇ ಮೊದಲು ನೋಡುತ್ತಿದ್ದುದು ಪೈಪತ್ತೆಯನ್ನು. ಅವಳ ಕೈಯಲ್ಲಿ ಪೈಪ್ ಇದ್ದರೆ ಹಾರುವಳು, ಇಲ್ಲದಿದ್ದರೆ ಮೆಟ್ಟಿಲಿಳಿದು ವಾಪಸ್. ಪೈಪತ್ತೆಯೂ ಮತ್ತೆಂದೂ ರಜೆ ಹಾಕಲಿಲ್ಲ. ಜ್ವರ ಬಂದರೂ ಸ್ವೆಟರ್ ತೊಟ್ಟು ಬಂದಳು. ಮುದ್ದು ಮಾಡಿ ಕೆಡಿಸಿದಳು ಎಂದರೆ ಸುಳ್ಳಲ್ಲ. ಅಷ್ಟು ಪ್ರೀತಿಯಿತ್ತು, ಏನು ಮಾಡೋಣ?

ಮಿಡತೆಗೆ ಹತ್ತೊಂಬತ್ತಾದ ವರ್ಷ ಹಲವು ದೇಶಗಳ ಕ್ರೀಡಾಕೂಟ ಅದೇ ಊರಿಗೆ ಬಂತು. ಹೆಂಗಸರ ಹಾರುವ ಸ್ಪರ್ಧೆ ಅದೇ ಕೊಳದಲ್ಲಿ. ಹಿಂದಿನ ಸಂಜೆ, ಕೇಳದೇ ಕರೆಯದೇ, ನೀರು ಚಿಮ್ಮಿಸುವ ಯಂತ್ರವೂ ಬಂತು. ಅಧಿಕಾರಿಯೊಬ್ಬರು ಪೈಪತ್ತೆಯ ಕೈಗೆ ಒರೆಸುಕೋಲು ಕೊಟ್ಟು, "ನೀವು ನೆಲ ಒರೆಸ್ಕೊಂಡು ಆರಾಮಾಗಿರಿ ಅಮ್ಮ" ಎಂದರು. ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಮಿಡತೆಯ ಸರದಿ ಬಂತು. ಸೀಟಿ ಊದಿದರು. ಯಂತ್ರವೇನೋ ತನ್ನ ಪಾಡಿಗೆ ಚೆನ್ನಾಗಿಯೇ ಚಿಮ್ಮುತ್ತಿತ್ತು. ಆದರೆ ಹುಡುಗಿ ನೀರಿನ ಕಡೆ ನೋಡಲೇ ಇಲ್ಲ, ಪೈಪತ್ತೆಯನ್ನು ಹುಡುಕಿದಳು. ಅವಳ ಕೈಯಲ್ಲಿ ಕಂಡಿದ್ದು ಒರೆಸುಕೋಲು. ನಿಂತಲ್ಲೇ ಕಲ್ಲಾದಳು. ಒಂದು ನಿಮಿಷ ಕಳೆದು ಎಚ್ಚರಿಕೆ ಕೊಟ್ಟರು. ಇನ್ನೊಂದು ನಿಮಿಷದಲ್ಲಿ ಹಾರದಿದ್ದರೆ ಸೊನ್ನೆ, ಹದಿಮೂರು ವರ್ಷದ ಶ್ರಮ ಮಣ್ಣುಪಾಲು.

ಮಿಡತೆಯ ಕೋಚ್ ಏದುಸಿರು ಬಿಡುತ್ತ ಪೈಪತ್ತೆಯ ಬಳಿ ಓಡಿಬಂದ. "ಅಕ್ಕಾ, ಪೈಪ್ ಹಿಡೀರಿ! ಅಧಿಕಾರಿಗಳ ಕೈಕಾಲು ನಾನು ಹಿಡ್ಕೋತೀನಿ. ಬೇಗ!"

ಗೋಡೆಯ ನಲ್ಲಿ ಎರಡೇ ಹೆಜ್ಜೆ ದೂರದಲ್ಲಿತ್ತು. ಪೈಪತ್ತೆಯ ಕೈ ಅದರ ಮೇಲೆ ಹೋಗಿಯೂ ಆಗಿತ್ತು. ಆದರೆ ಮುಂದಿನ ತಿಂಗಳು ಈ ಹುಡುಗಿ ಯಾವುದೋ ದೇಶದ ಯಾವುದೋ ಕೊಳದ ಮೇಲೆ ನಿಂತಿರುತ್ತಾಳೆ. ಅಲ್ಲಿ ಯಾವ ಅತ್ತೆ ಬರುತ್ತಾಳೆ? ನಾನಿಲ್ಲದೆ ಇವಳಿಗೆ ನಡೆಯುವುದಿಲ್ಲ ಎಂದು ಇಷ್ಟು ವರ್ಷ ಒಳಗೊಳಗೇ ಹಿಗ್ಗಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು. ನಲ್ಲಿಯಿಂದ ಕೈ ತೆಗೆದಳು. ಗಂಟಲು ಹರಿಯುವಂತೆ ಕೂಗಿದಳು:

"ಲೇ ಮಿಡತೇ! ನನ್ನ ಮೂತಿಯಲ್ಲೇನಿದೆ? ನೀರು ನೋಡೇ, ನೀರು!"

ಏಳು ದೇಶದ ತೀರ್ಪುಗಾರರು ಒಟ್ಟಿಗೆ ತಿರುಗಿ ನೋಡಿದರು. ಅವರಿಗೆ ಭಾಷೆ ಬಾರದಿದ್ದುದು ಪುಣ್ಯ.

ಹುಡುಗಿ ನೀರು ನೋಡಿದಳು. ಅದು ಹನಿಹನಿಯಾಗಿ ಅದುರುತ್ತ, ಎಲ್ಲಿದೆಯೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ತೋಳೆತ್ತಿದಳು. ಮೂರು ಸುತ್ತು ಉರುಳಿ, ಸರಿಯಾದ ಕ್ಷಣಕ್ಕೆ ಮೈ ಬಿಚ್ಚಿ, ಅಂಗೈ ಮೊದಲು ಕಾಲ್ಬೆರಳು ಕೊನೆಗೆ ಎಂಬಂತೆ ಒಳಗಿಳಿದಳು. ನಾಲ್ಕು ಹನಿ ಎದ್ದರೆ ಹೆಚ್ಚು.

ಆಮೇಲಿನ ನಾಲ್ಕು ಹಾರಾಟಗಳಲ್ಲಿ ಅವಳು ಒಮ್ಮೆಯೂ ಪೈಪತ್ತೆಯ ಕಡೆ ತಿರುಗಲಿಲ್ಲ. ಪೈಪತ್ತೆ ಮಾತ್ರ ಪ್ರತಿ ಸಲವೂ ಕಾದಳು. ಕೊನೆಗೆ ಆರನೇ ಸ್ಥಾನ ಬಂತು. ಮಿಡತೆ ಟವೆಲ್ ಸುತ್ತಿಕೊಂಡೇ ಓಡಿಬಂದಳು.

"ಅತ್ತೆ, ನೀವು ಪೈಪ್ ಮುಟ್ಲೇ ಇಲ್ಲ!"

"ಇಲ್ಲ."

"ಆದ್ರೂ ಐದೂ ಹಾರಿದೆ ನೋಡಿ! ಮತ್ಯಾಕೆ ಅಳ್ತಿದೀರಾ?"

"ಹಾರಿದ್ಯಲ್ಲ ಕಣೇ," ಎಂದು ಪೈಪತ್ತೆ ಅವಳ ಒದ್ದೆ ತಲೆಯನ್ನು ತಬ್ಬಿಕೊಂಡಳು. "ಅದಕ್ಕೇ."