ಅನಗವಾಡಿಯ ಕಂದು ಕಡಲಕ್ಕಿ

೧೯೯೪ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು ನಾನು ಮಗ್ಗದ ಕುಣಿಗೆ ಇಳಿದೆ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಲ್ಲಪ್ಪ ಓದಿ ಮಾಸ್ತರನಾದ. ಇಳಕಲ್ಲಿನಲ್ಲಿ ಹಕ್ಕಿ ನೋಡುವವರ ಗುಂಪು ನಮ್ಮದು. ಯಾವ ಹೊಸ ಹಕ್ಕಿ ಬಂದರೂ ಮೊದಲು ಕಂಡವನು ಅವನೇ. ಕಳೆದ ಚಳಿಗಾಲ ಅನಗವಾಡಿ ಹಿನ್ನೀರಿಗೆ ಬಂದ ದೊಡ್ಡ ಕಡಲಕ್ಕಿಯೂ ಅವನ ಲೆಕ್ಕಕ್ಕೇ ಹೋಯಿತು. ರಷ್ಯಾದ ಉತ್ತರದ ಹಿಮಗಡಲಿನಿಂದ ಬರುವ ಹಕ್ಕಿ: ಬಿಳಿ ಎದೆ, ಕಡುಬೂದು ಬೆನ್ನು, ಹಳದಿ ಕೊಕ್ಕಿನ ಕೆಳಗೊಂದು ಕೆಂಪು ಚುಕ್ಕೆ. ಈ ಜನವರಿಯಲ್ಲಿ ಬೀಳಗಿಗೆ ಸೀರೆ ಕೊಟ್ಟು ಬರುವಾಗ ಅದೇ ನೀರಿನಲ್ಲಿ ಅಷ್ಟೇ ದೊಡ್ಡ ಕಂದು ಹಕ್ಕಿಯನ್ನು ಕಂಡೆ. ಇದು ಬೇರೆ, ಇದು ನನ್ನದು ಎಂದು ಗುಂಪಿನಲ್ಲಿ ಸಾರಿದೆ. ಮಲ್ಲಪ್ಪನ ಬಾಯಿಂದಲೇ ಒಪ್ಪಿಸಬೇಕೆಂದು ಭಾನುವಾರ ಅವನನ್ನು ಹೊರಡಿಸಿದೆ.

ಬೆಳಗಿನ ಬಸ್ಸು. ನಾನು ಜೇಬಿಗೆ ಕೈ ಹಾಕುವ ಮೊದಲೇ ಅವನು ಎರಡೂ ಟಿಕೆಟ್ ತೆಗೆಸಿದ. ಹುನಗುಂದದಲ್ಲಿ ಹತ್ತಿದವನೊಬ್ಬ ಅವನ ಹಳೆಯ ವಿದ್ಯಾರ್ಥಿ. ಬಗ್ಗಿ ಕಾಲು ಮುಟ್ಟಿದ. ನಾನು ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕೂತೆ. ಅಮೀನಗಡದಲ್ಲಿ ಕರದಂಟು ಕೊಂಡು ಅವನ ಮಡಿಲಿಗೆ ಹಾಕಿದ ಮೇಲೆಯೇ ನನಗೆ ಸಮಾಧಾನ.

ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಅನಗವಾಡಿ ಸೇತುವೆಗೆ ಇಳಿದಾಗ ಬಿಸಿಲೇರಿತ್ತು. ಮೀನುಗಾರ ಹುಸೇನಸಾಬ ದೋಣಿ ಕೊಟ್ಟ. ನಡುನೀರಿನಲ್ಲಿ ನನ್ನ ಕಂದು ಹಕ್ಕಿ ರೀವ ಎಂಬ ಸಣ್ಣ ನೀರುಹಕ್ಕಿಯೊಂದರ ಬೆನ್ನು ಹತ್ತಿ, ಅದು ಬಿಟ್ಟ ಮೀನನ್ನು ನೀರಿನ ಮೇಲಿಂದ ಎತ್ತಿಕೊಂಡಿತು.

"ನೋಡಲೇ, ಕಸಗೊಂಡು ತಿಂತೈತಿ, ಇದು ಬ್ಯಾರೆ ಜಾತಿನ," ಎಂದೆ.

"ದೊಡ್ಡವೂ ಹಂಗ ಮಾಡ್ತಾವು. ಇದು ಹೋದ ವರ್ಷ ಬಂದಿತ್ತಲ್ಲ, ಅದ ಜಾತಿ ಮರಿನಪಾ. ಬಣ್ಣ ತಿರಗಾಕ ನಾಕು ವರ್ಷ ಬೇಕು," ಎಂದ ಮಲ್ಲಪ್ಪ.

"ಗಟ್ಟಿ ಹತ್ತಿದ ಬಣ್ಣ ತಿರಗತೈತೇನಲೇ? ನೇಕಾರನ ಮುಂದ ಬಣ್ಣದ ಮಾತ ಆಡಬ್ಯಾಡ."

"ಇದಕ್ಕ ಯಾವ ಬಣ್ಣಗಾರ ಬಣ್ಣ ಹಾಕ್ಯಾನಪಾ?" ಎಂದು ನಕ್ಕ. ಹುಸೇನಸಾಬನೂ ನಕ್ಕ.

ದೋಣಿ ಮರಳದಿಬ್ಬದ ಹತ್ತಿರ ಹೋಯಿತು. ಅಲ್ಲಿ ಬಿಳಿ ಎದೆಯ ದೊಡ್ಡದು, ಅದರ ಪಕ್ಕ ಇನ್ನೊಂದು ಕಂದು. ನಡುವೆ ಮೂರನೆಯದು: ಬೆನ್ನು ಬೂದು, ರೆಕ್ಕೆಯಲ್ಲಿ ಮಾತ್ರ ಹಳೆಯ ಕಂದು ಗರಿ, ಹಳದಿ ಕೊಕ್ಕಿಗೆ ಕಪ್ಪು ಪಟ್ಟಿ. ಅರ್ಧ ನೇಯ್ದ ಸೀರೆಯ ಹಾಗಿತ್ತು. ಮಲ್ಲಪ್ಪ ಚುಚ್ಚಲಿಲ್ಲ, ಚುಚ್ಚಿದ್ದರೆ ಜಗಳವಾದರೂ ಆಡುತ್ತಿದ್ದೆ.

"ನೀನ ಹೇಳು," ಎಂದ.

"ಮೂರೂ ಒಂದ ಜಾತಿ," ಎಂದೆ.

ಮರಳುವಾಗ ಅವನು, ಮರಿಯನ್ನು ಮೊದಲು ಕಂಡವನು ನೀನೇ ಎಂದು ಗುಂಪಿಗೆ ಹೇಳುತ್ತೇನೆ ಅಂದ. ಅದು ಸೋತದ್ದಕ್ಕಿಂತ ಹೆಚ್ಚು ಉರಿಯಿತು.

"ನೀ ಕೊಟ್ಟದ್ದು ನನಗ ಬ್ಯಾಡ," ಎಂದೆ.

ಈಗ ನನಗಿರುವುದು ಎರಡು ಮಗ್ಗ, ಒಂದು ಮನೆ, ಒಂದು ದುರ್ಬೀನು. ನಾನು ಮೊದಲು ಕಂಡ ಹಕ್ಕಿ, ಒಂದೂ ಇಲ್ಲ.