ದಿನಕ್ಕೊಂದು ಎಲೆ

ಬಣ್ಣ ತುಂಬುವ ಪುಸ್ತಕ ಕಂಡರೆ ಈ ವಯಸ್ಸಿನಲ್ಲೂ ನನ್ನ ಕೈ ತುರಿಸುತ್ತದೆ. ಮೊಮ್ಮಗಳ ಪಕ್ಕ ನೆಲದಲ್ಲಿ ಕಾಲು ಚಾಚಿ ಕುಳಿತು, "ಆ ಟೊಮೆಟೊ ಒಂದನ್ನು ನನಗೆ ಬಿಡು" ಎಂದು ಅಂಗಲಾಚುವುದು ನಿವೃತ್ತ ಶಿಕ್ಷಕಿಗೆ ಶೋಭಿಸುವ ಕೆಲಸವಲ್ಲ ಎಂದು ಗೊತ್ತು. ಏನು ಮಾಡಲಿ, ನಮ್ಮ ಬಾಲ್ಯದಲ್ಲಿ ಇಂಥ ಪುಸ್ತಕಗಳಿರಲಿಲ್ಲ. ಸ್ಲೇಟು, ಬಳಪ, ಒರೆಸಲು ಒದ್ದೆ ಬಟ್ಟೆ. ಅಲ್ಲಿಗೆ ನಮ್ಮ ಚಿತ್ರಕಲೆ ಸಮಾಪ್ತಿ.

ಈಗಿನ ಪುಸ್ತಕಗಳಲ್ಲಿ ತೋಟಕ್ಕೆ ತೋಟವೇ ಇರುತ್ತದೆ. ಆದರೆ ಅದು ಯಾವ ಊರಿನ ತೋಟ ಎಂಬುದು ದೇವರಿಗೇ ಗೊತ್ತು. ಬದನೆಕಾಯಿ ನೇರಳೆ ಬಣ್ಣದ್ದೇ ಆಗಬೇಕಂತೆ. ಮಟ್ಟುವಿನ ಉರುಟು ಹಸಿರು ಗುಳ್ಳಬದನೆ ತಿಂದು ಬೆಳೆದ ನಮ್ಮ ಮಕ್ಕಳು ಅದಕ್ಕೆ ಹಸಿರು ಹಚ್ಚಿದರೆ ತಪ್ಪು! ಮಕ್ಕಳೂ ಕಡಿಮೆಯೇನಲ್ಲ ಬಿಡಿ. ಕಾಪುವಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ, ಕಿಟಕಿಯಾಚೆ ಅಷ್ಟು ದೊಡ್ಡ ಸಮುದ್ರ ಇದ್ದರೂ, ಚಿತ್ರ ಬರೆಯಿರಿ ಎಂದರೆ ಎಲ್ಲರದ್ದೂ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ. ಸಂಜೆ ನೀರಿಗಿಳಿಯುವ ನಮ್ಮ ಸೂರ್ಯನನ್ನು ಯಾರೂ ಕೇಳುವವರಿರಲಿಲ್ಲ. ನೋಡಿದ್ದನ್ನು ಬಿಟ್ಟು ಹೇಳಿಕೊಟ್ಟದ್ದನ್ನು ಬರೆಯುವ ಈ ಗುಣ ಮನುಷ್ಯರಿಗೆ ಎಲ್ಲಿಂದ ಬಂತೋ. ನಾನೂ ಅವರಿಗೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಮಣಿಪಾಲದಲ್ಲಿರುವ ನನ್ನ ಮಗಳು ರಶ್ಮಿಯ ಕೂಸು ಸಾನ್ವಿ ಎರಡನೇ ತರಗತಿ. ದೀಪಾವಳಿ ಕಳೆದ ಮೇಲೆ ಅವಳ ಟೀಚರ್ ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದರು. ಹಾಳೆಯಲ್ಲಿ ಕುಂಡ, ಕುಂಡದಲ್ಲಿ ಗಿಡ, ಗಿಡದ ತುಂಬ ಖಾಲಿ ಎಲೆಗಳು, ತುದಿಯಲ್ಲಿ ಒಂದು ಹೂವು. ಮನೆಯಲ್ಲಿ ಒಂದು ಗಿಡ ಸಾಕಬೇಕು, ನೀರು ಹಾಕಿದ ದಿನ ಒಂದು ಎಲೆಗೆ ಬಣ್ಣ ತುಂಬಬೇಕು. ನಿಜವಾದ ಗಿಡ ಹೂ ಬಿಟ್ಟಾಗ ಕಾಗದದ ಹೂವಿಗೆ ಬಣ್ಣ. ತಾಳ್ಮೆ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಅಷ್ಟು ವರ್ಷದ ನೌಕರಿಯಲ್ಲಿ ಹೊಳೆದಿರಲಿಲ್ಲ. ನಾನು ತಾಳ್ಮೆ ಕಲಿಸುತ್ತಿದ್ದದ್ದು ಕಿರುಚಿ.

ಗಿಡ ಎಂದ ಮೇಲೆ ಮಲ್ಲಿಗೆಗೆ ಹೆಸರಾದ ಶಂಕರಪುರದ ಈ ಅಜ್ಜಿ ಸುಮ್ಮನಿರುವುದುಂಟೆ? ನಮ್ಮ ಅಂಗಳದ ಮಲ್ಲಿಗೆಯಲ್ಲೇ ಒಂದನ್ನು ಕುಂಡಸಮೇತ ಕಾರಿಗೆ ಹತ್ತಿಸಿ ಕಳಿಸಿದೆ. ರಶ್ಮಿ ದಿನವೂ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಹುಡುಗಿ ಒಂದೇ ಎಲೆಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾಳಂತೆ. ಕ್ರೆಯಾನ್ ಗೆರೆ ದಾಟದ ಹಾಗೆ ನಾಲಿಗೆ ಕಚ್ಚಿಕೊಂಡು ಕೂರುತ್ತಾಳಂತೆ. ಎಳೆಯ ಎಲೆಗೆ ತಿಳಿ ಹಸಿರು, ಬಲಿತದ್ದಕ್ಕೆ ಕಡು ಹಸಿರು. ಕೇಳಿ ನನಗೆ ಹೆಮ್ಮೆಯೋ ಹೆಮ್ಮೆ.

ಕೆಲವು ವಾರ ಬಿಟ್ಟು ನಾನೇ ಹೋದೆ. ಸಾನ್ವಿ ಶಾಲೆಯಲ್ಲಿದ್ದಳು. ಬಾಲ್ಕನಿಯಲ್ಲಿ ಗಿಡ ದಟ್ಟವಾಗಿ ಎಲೆ ಬಿಟ್ಟು ಮೆರೆಯುತ್ತಿತ್ತು. ಅದರ ಎದುರು ಕುರ್ಚಿ ಎಳೆದುಕೊಂಡು ಹಿರಿಯಡ್ಕದ ತಂಗಿಗೆ ಫೋನ್ ಹಚ್ಚಿದೆ. ಅವಳ ಮೈದುನನ ಮಗಳ ಮದುವೆ ಮಾತುಕತೆ ನಡೆದಿತ್ತು. ಅಂಥ ಮಾತು ಬೇಗ ಮುಗಿಯುವುದಿಲ್ಲ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ಮಲ್ಲಿಗೆ ಗಿಡ ಎಲೆ ಬಿಟ್ಟು ಕೊಬ್ಬಿದರೆ ಹೂ ಕೊಡುವುದನ್ನೇ ಮರೆಯುತ್ತದೆ. ಆಗ ನಾವು ಎಲೆಗಳನ್ನು ಕೈಯಿಂದಲೇ ಬಿಡಿಸಿ ಗಿಡವನ್ನು ಬೋಳು ಮಾಡುತ್ತೇವೆ. ಪಾಪದ ಗಿಡ ಗಾಬರಿಬಿದ್ದು ಚಿಗುರುತ್ತದೆ, ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಇದನ್ನು ಮಾಡುವಾಗ ನಮಗೆ ತಲೆ ಬೇಕಾಗಿಲ್ಲ, ಬೆರಳು ಸಾಕು. ಮದುವೆಯ ಊಟದಲ್ಲಿ ಎಷ್ಟು ಬಗೆಯ ಸಿಹಿ ಎಂಬಲ್ಲಿಗೆ ಮಾತು ಬರುವಷ್ಟರಲ್ಲಿ ನನ್ನ ಮಡಿಲು ತುಂಬ ಎಲೆ, ಕುಂಡದಲ್ಲಿ ನಾಲ್ಕು ಕಡ್ಡಿ.

ಶಾಲೆಯಿಂದ ಬಂದ ಸಾನ್ವಿ ಬ್ಯಾಗು ಹೊತ್ತೇ ಬಾಲ್ಕನಿಗೆ ಓಡಿದಳು. ಕಡ್ಡಿಗಳನ್ನು ನೋಡಿದಳು, ನನ್ನ ಮಡಿಲನ್ನು ನೋಡಿದಳು.

"ಅಜ್ಜಿ, ಎಂತ ಮಾಡಿದ್ದು ನೀವು? ನನ್ನ ಎಲೆ ಎಲ್ಲ ಎಲ್ಲಿ ಉಂಟು?"

"ಹೂವಾಗ್ಲಿಕ್ಕೆ ತೆಗೆದದ್ದು ಮಗಾ. ನಮ್ಮಲ್ಲಿ ಹಾಗೆಯೇ ಮಾಡುವುದು, ಅಲ್ವಾ ರಶ್ಮಿ?"

ರಶ್ಮಿ ಹಣೆಗೆ ಕೈ ಹಚ್ಚಿ ಒಳಗೆ ಹೋದಳು. ಸಾನ್ವಿ ಗಟ್ಟಿಯಾಗಿ ಅತ್ತಿದ್ದರೆ ಎರಡು ಚಾಕೊಲೇಟಿನಲ್ಲಿ ಮುಗಿಯುತ್ತಿತ್ತು. ಅವಳು ಅಳಲಿಲ್ಲ. ಗೋಡೆಗೆ ಅಂಟಿಸಿದ ಹಾಳೆಯ ಎದುರು ನಿಂತು, ಅಷ್ಟು ದಿನ ತುಂಬಿದ ಹಸಿರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ತಾಯಿಬೇರು ಕಿತ್ತವಳ ಹಾಗೆ ನನ್ನನ್ನು ನೋಡುವ ಮಗುವಿಗೆ ಕೃಷಿಶಾಸ್ತ್ರ ಹೇಳುವುದು ಹೇಗೆ?

"ಇನ್ನು ಬಣ್ಣ ಹಾಕುವುದಿಲ್ಲ. ಗಿಡದಲ್ಲಿ ಎಲೆ ಬರ್ಲಿ, ಮತ್ತೆ ಹಾಕುವುದು" ಎಂದಳು. ಆಮೇಲೆ ನನ್ನೊಡನೆ ಮಾತು ಬಂದ್.

ಮರುದಿನ ಹೊರಡಬೇಕಾದವಳು ಮಂಡಿನೋವಿನ ನೆಪ ಹೇಳಿ ಉಳಿದೆ. ಸತ್ಯ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ನಮ್ಮ ಅಂಗಳದ ಬಿಸಿಲೆಲ್ಲಿ, ಈ ಐದನೇ ಮಹಡಿಯ ಗಾಳಿಯೆಲ್ಲಿ! ಕಡ್ಡಿ ಒಣಗಿಹೋದರೆ ಈ ಹುಡುಗಿ ಇನ್ನು ಯಾವ ಗಿಡವನ್ನೂ ನಂಬಲಿಕ್ಕಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಎದ್ದು ಕನ್ನಡಕ ಸಿಕ್ಕಿಸಿಕೊಂಡು ಕುಂಡದ ಮುಂದೆ ಕೂರುವುದೇ ನನ್ನ ಉದ್ಯೋಗವಾಯಿತು. ಊರಿನಿಂದ ಇನ್ನೊಂದು ಕುಂಡ ತರಿಸಿ ಗುಟ್ಟಾಗಿ ಬದಲಿಸಿಬಿಡೋಣವೇ ಎಂದು ಅಳಿಯನ ಕಿವಿಯಲ್ಲಿ ಕೇಳಿಯೂ ಕೇಳಿದೆ. "ನಿಮಗೆ ತಾಳ್ಮೆಯೇ ಇಲ್ಲ ಮಾರಾಯ್ರೆ" ಎಂದು ಅವರು ನಕ್ಕರು. ಸಾನ್ವಿ ಮಾತ್ರ ಬೋಳು ಕಡ್ಡಿಗೆ ದಿನವೂ ನೀರು ಹಾಕುತ್ತಿದ್ದಳು. ಹಾಳೆಯಲ್ಲಿ ಒಂದೂ ಎಲೆ ತುಂಬುತ್ತಿರಲಿಲ್ಲ. ಬಣ್ಣದ ಆಸೆಯಿಲ್ಲದೆ ನೀರು ಹಾಕುವುದು ಹೆಚ್ಚಿನದು ಎಂದು ನನಗೆ ಆಗ ಅನಿಸಿತು. ಹೇಳೋಣವೆಂದರೆ ಮಾತು ಬಂದ್.

ಒಂದು ಬೆಳಿಗ್ಗೆ ಅವಳೇ ಕೂಗಿದಳು. "ಅಜ್ಜೀ, ಬನ್ನಿ! ಬಂದುಂಟು!"

ಕಡ್ಡಿಯ ಗಂಟಿನಲ್ಲಿ ಸಾಸಿವೆಯಷ್ಟು ಹಸಿರು. ನನ್ನ ಕಣ್ಣಿನಲ್ಲಿ ನೀರು ಬಂತು, ಕನ್ನಡಕ ಒರೆಸಿಕೊಂಡೆ. ಆ ದಿನ ಒಂದು ಎಲೆ ಬಣ್ಣ ಕಂಡಿತು. ನೋಡನೋಡುತ್ತಿದ್ದ ಹಾಗೆ ಚಿಗುರು ಉದ್ದವಾಯಿತು, ಹಾಳೆಯ ಎಲೆಗಳೆಲ್ಲ ಮುಗಿದವು, ತುದಿಯಲ್ಲಿ ಮೊಗ್ಗುಗಳು ಕಟ್ಟಿದವು.

ಮೊದಲ ಮೊಗ್ಗು ಬಲಿತ ಮುಂಜಾನೆ ನನ್ನ ಕೈ ಮತ್ತೆ ತಾನಾಗಿಯೇ ಮುಂದೆ ಹೋಯಿತು.

"ಅಜ್ಜಿ, ಕೈ!"

"ಮೊಗ್ಗಿನಲ್ಲೇ ಕೊಯ್ಯಬೇಕು ಮಗಾ. ಅರಳಿದರೆ ಪೇಟೆಯಲ್ಲಿ ಯಾರೂ ಕೇಳುವುದಿಲ್ಲ."

"ಇದು ಪೇಟೆಗೆ ಹೋಗ್ಲಿಕ್ಕಿಲ್ಲ."

ಕೈ ಹಿಂದೆಗೆದೆ. ಮಲ್ಲಿಗೆ ಬೆಳೆದೇ ಬದುಕಿದ ಮನೆಯವಳು ನಾನು. ನಮ್ಮ ಹೂವು ಅರಳುವುದು ಎಂದಿಗೂ ಇನ್ನೊಬ್ಬರ ಮುಡಿಯಲ್ಲಿ. ಗಿಡದಲ್ಲೇ ಅರಳಿತೆಂದರೆ ಯಾರೋ ಕೊಯ್ಯಲು ಮರೆತಿದ್ದಾರೆ ಎಂದೇ ಲೆಕ್ಕ, ಅಮ್ಮನಿಂದ ಬೈಗುಳ ಖಂಡಿತ. ಒಂದು ಮೊಗ್ಗನ್ನೂ ಬೇಕೆಂದೇ ಬಿಟ್ಟು ಕಾದವಳಲ್ಲ. ಆ ಸಂಜೆ ಅಜ್ಜಿ, ಮೊಮ್ಮಗಳು ಇಬ್ಬರೂ ಚಹಾ, ಹಾಲು ಹಿಡಿದು ಕುಂಡದ ಮುಂದೆ ಕೂತೆವು. ಅದು ಯಾವಾಗ ಬಿಚ್ಚಿಕೊಂಡಿತೋ ಇಬ್ಬರಿಗೂ ತಿಳಿಯಲಿಲ್ಲ. ಪರಿಮಳ ಬಂದಾಗ ನೋಡಿದರೆ ಅರಳಿತ್ತು.

ಸಾನ್ವಿ ಹಾಳೆಯನ್ನು ಗೋಡೆಯಿಂದ ಬಿಡಿಸಿ ತಂದು ಹೂವಿನ ಪಕ್ಕ ಹಿಡಿದಳು. ಕ್ರೆಯಾನ್ ಡಬ್ಬಿ ತೆರೆದು ಒಂದೊಂದೇ ಬಣ್ಣ ಎತ್ತಿ ನೋಡಿದಳು, ಮಲ್ಲಿಗೆಯನ್ನು ನೋಡಿದಳು, ಡಬ್ಬಿ ಮುಚ್ಚಿಟ್ಟಳು. ಹಾಳೆಯ ಬಿಳಿಯೂ ಹೂವಿನ ಬಿಳಿಯೂ ಒಂದೇ ಆಗಿತ್ತು.

ಹಾಳೆ ಹಾಗೆಯೇ ಶಾಲೆಗೆ ಹೋಯಿತು. "ಎಲೆಯೆಲ್ಲ ಚಂದ ಆಗಿದೆ, ಹೂವೊಂದು ಯಾಕೆ ಖಾಲಿ ಬಿಟ್ಟೆ?" ಎಂದು ಟೀಚರ್ ಕೇಳಿದರಂತೆ.

"ಖಾಲಿ ಅಲ್ಲ ಟೀಚರ್" ಎಂದಳಂತೆ ಸಾನ್ವಿ, "ಅದು ಅರಳಿದ್ದು."